ಪೆಪ್ಪರ್‌ಮಿಂಟ್ ತೈಲದ ಗುಣ ಮತ್ತು ಘಟಕಗಳು: ಖರೀದಿಗೆ ಮುನ್ನ ತಿಳಿಯಬೇಕಾದ ವಿಚಾರ

ಕನ್ನಡ ನಾಡಿನ ಕಿರಾಣಿ ಅಂಗಡಿಗಳಲ್ಲಿ 'ಪೆಪ್ಪರ್‌ಮೆಂಟು' ಎಂದರೆ ಗಾಜಿನ ಭರಣಿಯಲ್ಲಿರುವ ಸಿಹಿ ಗುಳಿಗೆ. ಪೆಪ್ಪರ್‌ಮೆಂಟು ಕೇಳಿದ ಮಗುವಿಗೆ ಕಿತ್ತಳೆ ರುಚಿಯ ಗುಳಿಗೆ ಕೊಟ್ಟರೂ ಯಾರೂ ಆಕ್ಷೇಪಿಸುವುದಿಲ್ಲ. ಆಡುಮಾತಿನಲ್ಲಿ ಆ ಹೆಸರು ಅಷ್ಟು ಸಡಿಲವಾಗಿದೆ. ಆದರೆ ಇದೇ ಸಡಿಲತೆ ಕಚ್ಚಾ ಸಾಮಗ್ರಿಯ ಖರೀದಿಗೂ ನುಸುಳಿದರೆ ನಷ್ಟ ಅನಿವಾರ್ಯ. ನೋವಿನ ಮುಲಾಮು, ಹಲ್ಲುಪುಡಿ, ಕೆಮ್ಮಿನ ಗುಳಿಗೆ, ಪಾನ್ ಮಸಾಲೆ, ಮಿಠಾಯಿ, ಸಾಬೂನು ಮುಂತಾದವನ್ನು ತಯಾರಿಸುವ ನಮ್ಮ ಸಣ್ಣ ಉದ್ಯಮಿಗಳಲ್ಲಿ ಹಲವರು 'ಮಿಂಟ್ ಆಯಿಲ್' ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸರಕುಗಳನ್ನು ಕೊಳ್ಳುತ್ತಾರೆ. ಅವುಗಳ ಬೆಲೆ ಬೇರೆ, ಔಷಧೀಯ ಗುಣ ಬೇರೆ, ಸುಂಕದ ಸಂಕೇತ ಸಂಖ್ಯೆಯೂ ಬೇರೆ. ಆದುದರಿಂದ ಪೆಪ್ಪರ್‌ಮಿಂಟ್ ತೈಲದಲ್ಲಿ ಏನಿದೆ, ಅದು ದೇಹದ ಮೇಲೆ ಹೇಗೆ ವರ್ತಿಸುತ್ತದೆ, ಅದನ್ನು ಇತರ ತೈಲಗಳಿಂದ ಪ್ರತ್ಯೇಕಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೂರು ಗಿಡಗಳು, ಮೂರು ತೈಲಗಳು

ನಮ್ಮ ಅಡುಗೆಮನೆಯ ಪುದೀನ ಪೆಪ್ಪರ್‌ಮಿಂಟ್ ಅಲ್ಲ. ಅದು ಸ್ಪಿಯರ್‌ಮಿಂಟ್, ಶಾಸ್ತ್ರೀಯ ಹೆಸರು ಮೆಂಥಾ ಸ್ಪೈಕಾಟಾ. ಅದರ ಪರಿಮಳಕ್ಕೆ ಕಾರಣ ಕಾರ್ವೋನ್ ಎಂಬ ಘಟಕ. ಮೆಂಥಾಲ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪುದೀನ ಚಟ್ನಿ ತಿಂದಾಗ ಬಾಯಿ ಗಮಗಮಿಸುತ್ತದೆಯೇ ಹೊರತು ಮೆಂಥಾಲ್ ಗುಳಿಗೆ ತಿಂದಾಗಿನಂತೆ ತಣ್ಣಗಾಗುವುದಿಲ್ಲ.

ಎರಡನೆಯದು ನಿಜವಾದ ಪೆಪ್ಪರ್‌ಮಿಂಟ್, ಅಂದರೆ ಮೆಂಥಾ ಪಿಪೆರಿಟಾ. ಇದು ನೀರು ಪುದೀನ ಮತ್ತು ಸ್ಪಿಯರ್‌ಮಿಂಟ್‌ಗಳ ಸಂಕರದಿಂದ ಹುಟ್ಟಿದ ಗಿಡ. ಸಂಕರ ತಳಿಯಾದುದರಿಂದ ಬೀಜ ಕಟ್ಟುವುದಿಲ್ಲ. ನೆಲದಲ್ಲಿ ಹರಿಯುವ ಬಳ್ಳಿಬೇರುಗಳಿಂದಲೇ ಸಸಿ ಮಾಡಬೇಕು. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ರೇ 1696ರಲ್ಲಿ ಇದನ್ನು ಪ್ರತ್ಯೇಕ ಗಿಡವೆಂದು ವರ್ಣಿಸಿದರು. ಲಂಡನ್ ಸಮೀಪದ ಮಿಚಮ್‌ನಲ್ಲಿ 18ನೆಯ ಶತಮಾನದ ಮಧ್ಯದಲ್ಲಿ ಇದರ ವಾಣಿಜ್ಯ ಬೇಸಾಯ ಆರಂಭವಾಯಿತು. ಅನಂತರ ಅಮೆರಿಕದ ನ್ಯೂಯಾರ್ಕ್, ಮಿಚಿಗನ್ ರಾಜ್ಯಗಳಿಗೂ, ಕಾಲಕ್ರಮದಲ್ಲಿ ಒರೆಗಾನ್, ವಾಷಿಂಗ್ಟನ್, ಐಡಾಹೊ ರಾಜ್ಯಗಳಿಗೂ ಹರಡಿತು.

ಮೂರನೆಯದು ಜಪಾನಿ ಪುದೀನ ಅಥವಾ ಮೆಂಥಾ ಆರ್ವೆನ್ಸಿಸ್. ಭಾರತದಲ್ಲಿ 'ಮೆಂಥಾ ಆಯಿಲ್' ಎಂದು ವಹಿವಾಟು ನಡೆಯುವುದು ಇದರದ್ದೇ. 1950ರ ದಶಕದಲ್ಲಿ ಜಪಾನಿನಿಂದ ಬಂದ ಈ ಬೆಳೆ ಉತ್ತರ ಪ್ರದೇಶದ ಬಾರಾಬಂಕಿ, ರಾಮ್‌ಪುರ, ಸಂಭಲ್, ಬದಾಯೂಂ ಭಾಗಗಳಲ್ಲಿ ನೆಲೆಯೂರಿತು. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ, ಅಂದರೆ ಸೀಮ್ಯಾಪ್, 'ಕೋಸಿ' ಮೊದಲಾದ ಅಧಿಕ ಇಳುವರಿಯ ತಳಿಗಳನ್ನು ನೀಡಿತು. ಇಂದು ಪ್ರಪಂಚದ ನೈಸರ್ಗಿಕ ಮೆಂಥಾಲ್‌ನ ಬಹುಪಾಲು ಭಾರತದ್ದೇ ಆಗಿದೆ. 2005ರಲ್ಲಿ ಎಂಸಿಎಕ್ಸ್ ವಿನಿಮಯ ಕೇಂದ್ರದಲ್ಲಿ ವಾಯಿದಾ ವ್ಯಾಪಾರ ಆರಂಭವಾದದ್ದೂ ಈ ಆರ್ವೆನ್ಸಿಸ್ ತೈಲಕ್ಕೇ. ಆದ್ದರಿಂದ ಅಲ್ಲಿಯ ಮೆಂಥಾ ದರವನ್ನು ಪೆಪ್ಪರ್‌ಮಿಂಟ್ ತೈಲದ ದರವೆಂದು ಭಾವಿಸಿ ಲೆಕ್ಕ ಹಾಕುವುದು ತಪ್ಪಾಗುತ್ತದೆ.

ತೈಲದ ಒಳಗೆ ಏನಿದೆ?

ಪೆಪ್ಪರ್‌ಮಿಂಟ್ ಎಲೆಯ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿವೆ. ತೈಲ ತಯಾರಾಗಿ ಸಂಗ್ರಹವಾಗುವುದು ಅವುಗಳಲ್ಲಿಯೇ. ಎಲೆಗೆ ಹಬೆ ಹಾಯಿಸಿ ಬಟ್ಟಿ ಇಳಿಸಿದಾಗ ಈ ತೈಲ ಹೊರಬರುತ್ತದೆ. ಐರೋಪ್ಯ ಔಷಧಕೋಶದ ಪ್ರಕಾರ ಒಂದು ಕಿಲೋ ಒಣಗಿದ ಇಡೀ ಎಲೆಯಲ್ಲಿ ಕನಿಷ್ಠ 12 ಮಿಲಿಲೀಟರ್ ತೈಲವಿರಬೇಕು.

ಈ ತೈಲದ ಪ್ರಧಾನ ಘಟಕ ಮೆಂಥಾಲ್. ಅದೇ ಔಷಧಕೋಶವು ಪೆಪ್ಪರ್‌ಮಿಂಟ್ ತೈಲದಲ್ಲಿ ಮೆಂಥಾಲ್ ಶೇ. 30ರಿಂದ 55, ಮೆಂಥೋನ್ ಶೇ. 14ರಿಂದ 32 ಇರಬೇಕೆಂದು ವಿಧಿಸಿದೆ. ಸುಮಾರು ಶೇ. 3ರಿಂದ 10ರಷ್ಟು ಮೆಂಥೈಲ್ ಅಸಿಟೇಟ್ ಇರುತ್ತದೆ. ಇವಲ್ಲದೆ ಐಸೊಮೆಂಥೋನ್, ಸಿನಿಯೋಲ್, ಲಿಮೋನಿನ್, ಮೆಂಥೋಫ್ಯೂರಾನ್, ಪ್ಯುಲಿಗೋನ್ ಎಂಬ ಘಟಕಗಳು ಸಣ್ಣ ಪ್ರಮಾಣದಲ್ಲಿರುತ್ತವೆ. ಕಾರ್ವೋನ್ ಶೇ. 1ನ್ನು ಮೀರುವಂತಿಲ್ಲ, ಮೀರಿದ್ದರೆ ಸ್ಪಿಯರ್‌ಮಿಂಟ್ ಬೆರೆತಿದೆ ಎಂದು ಶಂಕಿಸಬೇಕು.

ಈ ಘಟಕಗಳ ನಡುವಿನ ಸಂಬಂಧವನ್ನು ಅರಿತರೆ ಕೊಯ್ಲಿನ ಮಹತ್ವ ತಿಳಿಯುತ್ತದೆ. ಗಿಡವು ಮೊದಲು ಲಿಮೋನಿನ್ ತಯಾರಿಸುತ್ತದೆ. ಅದು ಹಲವು ಹಂತಗಳಲ್ಲಿ ಪ್ಯುಲಿಗೋನ್ ಆಗಿ, ಬಳಿಕ ಮೆಂಥೋನ್ ಆಗಿ, ಕೊನೆಗೆ ಮೆಂಥಾಲ್ ಆಗಿ ಮಾರ್ಪಡುತ್ತದೆ. ಎಳೆಯ ಎಲೆಯಲ್ಲಿ ಮೆಂಥೋನ್ ಹೆಚ್ಚು, ಬಲಿತ ಎಲೆಯಲ್ಲಿ ಮೆಂಥಾಲ್ ಹೆಚ್ಚು. ಪ್ಯುಲಿಗೋನ್ ಇನ್ನೊಂದು ದಾರಿ ಹಿಡಿದರೆ ಮೆಂಥೋಫ್ಯೂರಾನ್ ಆಗುತ್ತದೆ. ಅದು ಹೆಚ್ಚಾದರೆ ತೈಲದ ಪರಿಮಳ ಒರಟಾಗಿ ದರ್ಜೆ ಕುಸಿಯುತ್ತದೆ. ಹಗಲು ದೀರ್ಘವಾಗಿದ್ದು ರಾತ್ರಿ ತಂಪಾಗಿರುವ ಕಡೆ ಮೆಂಥಾಲ್‌ನ ದಾರಿ ಬಲವಾಗುತ್ತದೆ. ಹಗಲು ಕಿರಿದಾಗಿ ರಾತ್ರಿ ಬೆಚ್ಚಗಿದ್ದರೆ ಮೆಂಥೋಫ್ಯೂರಾನ್‌ನ ದಾರಿ ಬಲವಾಗುತ್ತದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಬೇಸಿಗೆಯ ಹಗಲು 15 ಗಂಟೆಗೂ ಹೆಚ್ಚಿರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಪೆಪ್ಪರ್‌ಮಿಂಟ್ ಬೇಸಾಯಕ್ಕೆ ಬಂಡವಾಳ ಹೂಡಬಯಸುವ ನಮ್ಮ ರಾಜ್ಯದವರು ಈ ಅಂಶವನ್ನು ಮೊದಲು ಪರಿಗಣಿಸಿ, ಸೀಮ್ಯಾಪ್‌ನ ಬೆಂಗಳೂರು ಸಂಶೋಧನಾ ಕೇಂದ್ರದ ಸಲಹೆ ಪಡೆಯುವುದು ಲೇಸು.

ಎಲೆಯಲ್ಲಿ ತೈಲವಲ್ಲದೆ ರೋಸ್ಮರಿನಿಕ್ ಆಮ್ಲ, ಎರಿಯೋಸಿಟ್ರಿನ್, ಹೆಸ್ಪೆರಿಡಿನ್ ಮುಂತಾದ ಪದಾರ್ಥಗಳೂ ಇವೆ. ಇವು ಹಬೆಯೊಡನೆ ಮೇಲೇರುವುದಿಲ್ಲವಾದ್ದರಿಂದ ತೈಲಕ್ಕೆ ಬರುವುದಿಲ್ಲ, ಎಲೆಯ ಕಷಾಯದಲ್ಲಿ ಮಾತ್ರ ಇಳಿಯುತ್ತವೆ. ಎಲೆಯ ಚಹಾದ ಗುಣವನ್ನು ತೈಲಕ್ಕೂ, ತೈಲದ ಗುಣವನ್ನು ಚಹಾಕ್ಕೂ ಆರೋಪಿಸಿ ಜಾಹೀರಾತು ನೀಡುವುದು ಸರಿಯಲ್ಲ.

ಔಷಧೀಯ ಗುಣಗಳು: ದೃಢಪಟ್ಟದ್ದೆಷ್ಟು?

ಮೆಂಥಾಲ್ ಹಚ್ಚಿದ ಜಾಗ ತಣ್ಣಗಾದಂತೆ ಭಾಸವಾಗುತ್ತದೆ. ಆದರೆ ಚರ್ಮದ ಉಷ್ಣತೆಯನ್ನು ಮೆಂಥಾಲ್ ಇಳಿಸಬೇಕೆಂದಿಲ್ಲ. ನಮ್ಮ ನರತುದಿಗಳಲ್ಲಿ ಚಳಿಯನ್ನು ಗ್ರಹಿಸುವ ಟಿಆರ್‌ಪಿಎಂ8 ಎಂಬ ಗ್ರಾಹಕವಿದೆ. ಸಾಮಾನ್ಯವಾಗಿ ತಂಪು ತಗುಲಿದಾಗ ಎಚ್ಚೆತ್ತುಕೊಳ್ಳುವ ಈ ಗ್ರಾಹಕವನ್ನು ಮೆಂಥಾಲ್ ತಂಪಿಲ್ಲದೆಯೇ ಎಚ್ಚರಿಸುತ್ತದೆ. 2002ರಲ್ಲಿ ಈ ಗ್ರಾಹಕವನ್ನು ಗುರುತಿಸಿದವರು ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರ ಪ್ರತ್ಯೇಕ ತಂಡಗಳು. ಉಷ್ಣ ಹಾಗೂ ಸ್ಪರ್ಶದ ಗ್ರಾಹಕಗಳ ಸಂಶೋಧನೆಗಾಗಿ ಇವರಿಬ್ಬರಿಗೂ 2021ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಸಂದಿತು. ಕಟ್ಟಿದ ಮೂಗಿಗೆ ಮೆಂಥಾಲ್ ಆಘ್ರಾಣಿಸಿದಾಗ ಉಸಿರು ಸರಾಗವಾದಂತೆ ಅನಿಸುವುದೂ ಬಹುಮಟ್ಟಿಗೆ ಈ ಅನುಭವವೇ.

ಹೊಟ್ಟೆಯ ವಿಷಯದಲ್ಲಿ ಆಧಾರಗಳು ಹೆಚ್ಚು ಗಟ್ಟಿಯಾಗಿವೆ. ಮೆಂಥಾಲ್ ಕರುಳಿನ ನಯಸ್ನಾಯುಗಳೊಳಕ್ಕೆ ಕ್ಯಾಲ್ಸಿಯಂ ಪ್ರವೇಶವನ್ನು ತಡೆದು, ಸೆಡೆತವನ್ನು ಸಡಿಲಿಸುತ್ತದೆ. ಮೇಲಿಂದ ಮೇಲೆ ಹೊಟ್ಟೆನೋವು, ಮಲಪ್ರವೃತ್ತಿಯಲ್ಲಿ ಏರುಪೇರು ಉಂಟುಮಾಡುವ ಇರಿಟಬಲ್ ಬವೆಲ್ ಸಿಂಡ್ರೋಮ್ ಎಂಬ ತೊಂದರೆಗೆ ಪೆಪ್ಪರ್‌ಮಿಂಟ್ ತೈಲದ ಗುಳಿಗೆಗಳನ್ನು ಐರೋಪ್ಯ ಔಷಧ ಸಂಸ್ಥೆ ಮಾನ್ಯ ಮಾಡಿದೆ. ಅಮೆರಿಕದ ಜಠರ-ಕರುಳು ತಜ್ಞರ ಕಾಲೇಜು 2021ರ ಮಾರ್ಗಸೂಚಿಯಲ್ಲಿ ಇದನ್ನು ಸೂಚಿಸಿದೆ. ಆದರೆ 2020ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗವೊಂದರಲ್ಲಿ ಮುಖ್ಯ ಮಾನದಂಡದ ಪ್ರಕಾರ ನಿರೀಕ್ಷಿತ ಫಲ ಕಂಡುಬರಲಿಲ್ಲ ಎಂಬುದನ್ನೂ ಹೇಳಬೇಕು. ಇದು ರಾಮಬಾಣವಲ್ಲ, ಉಪಯುಕ್ತ ಔಷಧ. ತಲೆನೋವಿಗೆ ಆಲ್ಕೋಹಾಲಿನಲ್ಲಿ ಕರಗಿಸಿದ ಶೇ. 10ರ ತೈಲವನ್ನು ಹಣೆಗೆ ಲೇಪಿಸುವ ಪದ್ಧತಿಗೂ ಯೂರೋಪಿನಲ್ಲಿ ಮಾನ್ಯತೆ ಇದೆ.

ತಯಾರಕರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕರುಳಿನ ಸ್ನಾಯುವನ್ನು ಸಡಿಲಿಸುವ ತೈಲವೇ ಅನ್ನನಾಳದ ಕೆಳತುದಿಯ ಸ್ನಾಯುವನ್ನೂ ಸಡಿಲಿಸಿ ಎದೆಯುರಿ ತರುತ್ತದೆ. ಆದುದರಿಂದಲೇ ಔಷಧದ ಗುಳಿಗೆಗಳಿಗೆ ಜಠರದಲ್ಲಿ ಕರಗದೆ ಕರುಳಿನಲ್ಲಿ ಮಾತ್ರ ಕರಗುವ ಹೊದಿಕೆ ಇರುತ್ತದೆ. ಹೊದಿಕೆಯಿಲ್ಲದ ತೈಲದಿಂದ ಅದೇ ಫಲವನ್ನು ನಿರೀಕ್ಷಿಸಲಾಗದು.

ಎಚ್ಚರಿಕೆಯ ಮಾತುಗಳೂ ಅಷ್ಟೇ ಮುಖ್ಯ. ಎರಡು ವರ್ಷದೊಳಗಿನ ಮಕ್ಕಳ ಮೂಗು ಅಥವಾ ಎದೆಗೆ ಮೆಂಥಾಲ್ ಇರುವ ಮುಲಾಮು ಹಚ್ಚಬಾರದು. ಗಂಟಲು ಸೆಟೆದುಕೊಂಡು ಉಸಿರು ನಿಲ್ಲುವ ಅಪಾಯವಿದೆ. ಪ್ಯುಲಿಗೋನ್ ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತಿಗೆ ಹಾನಿಕರ. ಐರೋಪ್ಯ ಒಕ್ಕೂಟವು ಪುದೀನ ಮಿಠಾಯಿಯಲ್ಲಿ ಕಿಲೋಗೆ 250 ಮಿಲಿಗ್ರಾಂ, ಚ್ಯೂಯಿಂಗ್ ಗಮ್‌ನಲ್ಲಿ 350 ಮಿಲಿಗ್ರಾಂ ಪ್ಯುಲಿಗೋನ್‌ನ ಮಿತಿಯನ್ನು 2008ರ ನಿಯಮಾವಳಿಯಲ್ಲಿ ವಿಧಿಸಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕೃತಕವಾಗಿ ತಯಾರಿಸಿದ ಪ್ಯುಲಿಗೋನ್‌ನ್ನು ಆಹಾರದ ಸುವಾಸನೆಯಾಗಿ ಬಳಸಲು ಇದ್ದ ಅನುಮತಿಯನ್ನು 2018ರಲ್ಲಿ ಹಿಂತೆಗೆದುಕೊಂಡಿತು. ರಫ್ತು ಮಾಡುವ ಮಿಠಾಯಿ ತಯಾರಕರು ತೈಲದ ಪ್ಯುಲಿಗೋನ್ ಪ್ರಮಾಣವನ್ನು ತಿಳಿಯದೆ ಮುಂದುವರಿಯುವುದು ಜಾಣತನವಲ್ಲ.

ಮೆಂಥಾಲ್ ಅಂಕಿಯೊಂದೇ ಸಾಲದು

ಈಗ ಮುಖ್ಯ ವಿಷಯಕ್ಕೆ ಬರೋಣ. ಕಚ್ಚಾ ಆರ್ವೆನ್ಸಿಸ್ ತೈಲದಲ್ಲಿ ಮೆಂಥಾಲ್ ಶೇ. 70ರಿಂದ 80ರಷ್ಟಿರುತ್ತದೆ. ಅದನ್ನು ತಂಪುಗೊಳಿಸಿದಾಗ ಮೆಂಥಾಲ್ ಹರಳುಗಟ್ಟಿ ಬೇರ್ಪಡುತ್ತದೆ. ಹರಳು ತೆಗೆದ ಮೇಲೆ ಉಳಿಯುವ ತೈಲಕ್ಕೆ ಪೇಟೆಯಲ್ಲಿ 'ಡಿಎಂಒ' ಎಂದು ಹೆಸರು. ಹರಳು ತೆಗೆದರೂ ಅದರಲ್ಲಿ ಶೇ. 30ರಿಂದ 50 ಮೆಂಥಾಲ್, ಶೇ. 17ರಿಂದ 35 ಮೆಂಥೋನ್ ಉಳಿದಿರುತ್ತದೆ. ಈ ಅಂಕಿಗಳನ್ನು ಮೇಲೆ ಹೇಳಿದ ಪೆಪ್ಪರ್‌ಮಿಂಟ್ ತೈಲದ ಅಂಕಿಗಳೊಂದಿಗೆ ಹೋಲಿಸಿ ನೋಡಿ: ಎರಡೂ ಬಹುತೇಕ ಒಂದೇ. 'ಮೆಂಥಾಲ್ ಶೇ. 45' ಎಂದಷ್ಟೇ ಬರೆದ ಪ್ರಮಾಣಪತ್ರವನ್ನು ನಂಬಿ ಪೆಪ್ಪರ್‌ಮಿಂಟ್ ಬೆಲೆ ತೆತ್ತವರು ಡಿಎಂಒ ಪಡೆದಿರುವ ಸಾಧ್ಯತೆ ಇಲ್ಲದಿಲ್ಲ.

ವ್ಯತ್ಯಾಸ ಅಡಗಿರುವುದು ಸಣ್ಣ ಘಟಕಗಳಲ್ಲಿ. ಪೆಪ್ಪರ್‌ಮಿಂಟ್‌ನಲ್ಲಿ ಸಿನಿಯೋಲ್ ಪ್ರಮಾಣವು ಲಿಮೋನಿನ್‌ಗಿಂತ ಕನಿಷ್ಠ ಎರಡು ಪಟ್ಟು ಇರಬೇಕು. ಡಿಎಂಒದಲ್ಲಿ ಸಿನಿಯೋಲ್ ಬಹಳ ಕಡಿಮೆ, ಲಿಮೋನಿನ್ ಹೆಚ್ಚು. ಪೆಪ್ಪರ್‌ಮಿಂಟ್‌ನಲ್ಲಿ ಮೆಂಥೋಫ್ಯೂರಾನ್ ಮತ್ತು ವಿರಿಡಿಫ್ಲೋರಾಲ್ ಎಂಬ ಘಟಕಗಳು ಸ್ಪಷ್ಟವಾಗಿ ಕಾಣಸಿಗುತ್ತವೆ. ಆರ್ವೆನ್ಸಿಸ್‌ನಲ್ಲಿ ಅವು ನಗಣ್ಯ. ಇವನ್ನೆಲ್ಲ ಬೇರ್ಪಡಿಸಿ ಅಳೆಯುವ ಪರೀಕ್ಷೆಯೇ ಗ್ಯಾಸ್ ಕ್ರೊಮ್ಯಾಟೋಗ್ರಫಿ. ಸುಗಂಧ ತೈಲಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಈ ಸೌಲಭ್ಯ ದೊರೆಯುತ್ತದೆ.

ಹಳೆಯ ಔಷಧಕೋಶಗಳಲ್ಲಿ ಒಂದು ಸರಳ ಪರೀಕ್ಷೆಯೂ ಇದೆ. ಅತ್ಯಲ್ಪ ನೈಟ್ರಿಕ್ ಆಮ್ಲ ಬೆರೆಸಿದ ಅಸಿಟಿಕ್ ಆಮ್ಲಕ್ಕೆ ಕೆಲವು ಹನಿ ತೈಲ ಸೇರಿಸಿ ಕುದಿನೀರಿನಲ್ಲಿಟ್ಟರೆ ಪೆಪ್ಪರ್‌ಮಿಂಟ್ ತೈಲ ನೀಲಿ ಬಣ್ಣ ತಾಳುತ್ತದೆ. ಆರ್ವೆನ್ಸಿಸ್ ತೈಲ ತಾಳುವುದಿಲ್ಲ. ತರಬೇತಿ ಪಡೆದ ರಸಾಯನಜ್ಞರು ಮಾತ್ರ ಮಾಡಬೇಕಾದ ಪರೀಕ್ಷೆ ಇದು. ಮೇಲಾಗಿ ಡಿಎಂಒಗೆ ಸ್ವಲ್ಪ ಪೆಪ್ಪರ್‌ಮಿಂಟ್ ಬೆರೆಸಿದ್ದರೂ ನೀಲಿ ಬಣ್ಣ ಬರಬಹುದಾದ್ದರಿಂದ, ಇದು ಪೆಪ್ಪರ್‌ಮಿಂಟ್ ಇದೆ ಎಂದು ತೋರಿಸುತ್ತದೆಯೇ ಹೊರತು ಅದು ಶುದ್ಧವೆಂದು ಸಾಬೀತುಪಡಿಸುವುದಿಲ್ಲ.

ಡಿಎಂಒ ಬಳಸುವುದು ತಪ್ಪೆಂದು ಇದರ ಅರ್ಥವಲ್ಲ. ಸಾಬೂನು, ಹಲ್ಲುಪುಡಿ ಮುಂತಾದವಕ್ಕೆ ಅದು ಯೋಗ್ಯವಾದ ಅಗ್ಗದ ಸಾಮಗ್ರಿ. ಅದನ್ನು ಅದರ ಹೆಸರಿನಲ್ಲಿಯೇ, ಅದರ ಬೆಲೆಗೇ ಕೊಳ್ಳಬೇಕು ಎಂಬುದಷ್ಟೇ ಇಲ್ಲಿನ ಸೂಚನೆ.

ಯಾವುದಕ್ಕೆ ಯಾವ ಸಾಮಗ್ರಿ?

ಒಂದು ಉದಾಹರಣೆ ನೋಡೋಣ. ಶೇ. 5 ಮೆಂಥಾಲ್ ಇರುವ 100 ಕಿಲೋ ಮುಲಾಮು ತಯಾರಿಸಬೇಕಾಗಿದೆ ಎಂದುಕೊಳ್ಳಿ. ಹರಳನ್ನು ಬಳಸಿದರೆ 5 ಕಿಲೋ ಸಾಕು. ಶೇ. 75 ಮೆಂಥಾಲ್ ಇರುವ ಆರ್ವೆನ್ಸಿಸ್ ತೈಲವಾದರೆ ಸುಮಾರು 6.7 ಕಿಲೋ ಬೇಕು. ಶೇ. 40 ಮೆಂಥಾಲ್, ಶೇ. 20 ಮೆಂಥೋನ್ ಇರುವ ಪೆಪ್ಪರ್‌ಮಿಂಟ್ ತೈಲವಾದರೆ 12.5 ಕಿಲೋ ಬೇಕಾಗುತ್ತದೆ. ಅದರೊಂದಿಗೆ ಬೇಡದ 2.5 ಕಿಲೋ ಮೆಂಥೋನ್ ಕೂಡ ಮುಲಾಮಿಗೆ ಸೇರುತ್ತದೆ. ಹೀಗಾಗಿ ಮೆಂಥಾಲ್‌ಗಾಗಿ ಪೆಪ್ಪರ್‌ಮಿಂಟ್ ತೈಲ ಕೊಳ್ಳುವುದು ದುಂದುವೆಚ್ಚ. ಅದನ್ನು ಕೊಳ್ಳಬೇಕಾದುದು ಅದರ ಸಮತೋಲಿತ ಪರಿಮಳ ಮತ್ತು ರುಚಿಗಾಗಿ, ಇಲ್ಲವೇ ಔಷಧಕೋಶ ಅದನ್ನೇ ವಿಧಿಸಿದಾಗ.

ಮೆಂಥಾಲ್ ಹರಳಿನ ಖರೀದಿಯಲ್ಲಿಯೂ ವಿವೇಚನೆ ಬೇಕು. ಮೆಂಥಾಲ್‌ಗೆ ಎಂಟು ಪ್ರಾದೇಶಿಕ ರೂಪಗಳಿವೆ, ಅಂದರೆ ಅಣುಗಳು ಒಂದೇ ಆದರೂ ಅವುಗಳ ಜೋಡಣೆ ಬೇರೆ. ಗಿಡದಲ್ಲಿ ಸಿಗುವ, ಹೆಚ್ಚು ತಂಪೆನಿಸುವ ರೂಪ ಎಲ್-ಮೆಂಥಾಲ್. ಇದು ಸುಮಾರು 43 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಎಡ-ಬಲ ರೂಪಗಳು ಸಮನಾಗಿ ಬೆರೆತ ಮೆಂಥಾಲ್ ಸುಮಾರು 34 ಡಿಗ್ರಿಯಲ್ಲಿಯೇ ಕರಗುತ್ತದೆ. ಆದರೆ ಕಾರ್ಖಾನೆಯಲ್ಲಿಯೂ ಶುದ್ಧ ಎಲ್-ಮೆಂಥಾಲ್ ತಯಾರಾಗುತ್ತದೆ. ಜರ್ಮನಿಯ ಹಾರ್ಮನ್ ಅಂಡ್ ರೈಮರ್ (ಈಗಿನ ಸಿಮ್ರೈಸ್) 1970ರ ದಶಕದಲ್ಲಿ, ಜಪಾನಿನ ತಕಸಾಗೊ 1980ರ ದಶಕದಲ್ಲಿ, ಬಿಎಎಸ್‌ಎಫ್ 2012ರಲ್ಲಿ ಇದರ ಉತ್ಪಾದನೆ ಆರಂಭಿಸಿದವು. ತಕಸಾಗೊ ವಿಧಾನಕ್ಕೆ ತಳಹದಿಯಾದ ಸಂಶೋಧನೆ ನಡೆಸಿದ ರ್ಯೋಜಿ ನೊಯೋರಿ ಅವರಿಗೆ 2001ರ ರಸಾಯನಶಾಸ್ತ್ರ ನೊಬೆಲ್ ದೊರೆಯಿತು. 2012ರಲ್ಲಿ ಭಾರತದ ಮೆಂಥಾ ತೈಲ ಕಿಲೋಗೆ 2,000 ರೂಪಾಯಿ ದಾಟಿ, ಅದೇ ವರ್ಷ ತೀವ್ರವಾಗಿ ಕುಸಿದುದನ್ನು ವ್ಯಾಪಾರಿಗಳು ಮರೆತಿರಲಾರರು. ದರ ಹೀಗೆ ಹೊಯ್ದಾಡಿದಾಗ ದೊಡ್ಡ ಖರೀದಿದಾರರು ಸ್ಥಿರ ದರದ ಕೃತಕ ಮೆಂಥಾಲ್‌ನತ್ತ ವಾಲುವುದು ಸಹಜ.

ಸದಸ್ಯರ ಗಮನಕ್ಕೆ

ಖರೀದಿ ಆದೇಶದಲ್ಲಿ 'ಮಿಂಟ್ ಆಯಿಲ್' ಎಂದು ಬರೆಯದೆ ಗಿಡದ ಶಾಸ್ತ್ರೀಯ ಹೆಸರನ್ನೇ ಬರೆಯಬೇಕು. ಪ್ರತಿ ತಂಡದ ಸರಕಿಗೂ ಎಲ್ಲ ಘಟಕಗಳ ಪ್ರಮಾಣ ತೋರಿಸುವ ಕ್ರೊಮ್ಯಾಟೋಗ್ರಫಿ ವರದಿಯನ್ನು ಕೇಳಿ ಪಡೆಯಬೇಕು; ಮಾದರಿಯೊಂದನ್ನು ಮುದ್ರೆಯೊತ್ತಿ ಇಟ್ಟುಕೊಂಡರೆ ಮುಂದೆ ವಿವಾದ ಬಂದಾಗ ನೆರವಾಗುತ್ತದೆ.

ಆಮದು-ರಫ್ತು ದಾಖಲೆಗಳಲ್ಲಿ ಪೆಪ್ಪರ್‌ಮಿಂಟ್ ತೈಲ 3301 24, ಇತರ ಪುದೀನ ತೈಲಗಳು 3301 25, ಮೆಂಥಾಲ್ 2906 11 ಎಂಬ ಸಂಕೇತಗಳಡಿ ಬರುತ್ತವೆ. ಡಿಎಂಒ ರವಾನಿಸಿ ಪೆಪ್ಪರ್‌ಮಿಂಟ್ ಸಂಕೇತ ಬರೆದರೆ ಅದು ತಪ್ಪು ಘೋಷಣೆಯಾಗುತ್ತದೆ.

ಆಹಾರ ಪದಾರ್ಥವಾಗಿ ಮಾರುವ ಮಿಠಾಯಿಯ ಮೇಲೆ ರೋಗ ಗುಣಪಡಿಸುತ್ತದೆಂದು ಬರೆಯಲು 2018ರ ಆಹಾರ ಸುರಕ್ಷತಾ ಜಾಹೀರಾತು ನಿಯಮಗಳು ಅವಕಾಶ ನೀಡುವುದಿಲ್ಲ. ನೋವು ನಿವಾರಕವೆಂದು ಮಾರುವ ಮುಲಾಮಿಗೆ 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯಡಿ ಪರವಾನಗಿ ಬೇಕು. ಆಯುರ್ವೇದ ತಯಾರಿಕೆಯೆಂದರೂ ಪರವಾನಗಿಯಿಂದ ವಿನಾಯಿತಿ ಇಲ್ಲ.

ದಾಸ್ತಾನಿನ ವಿಷಯ ನಮ್ಮ ಹವೆಗೆ ನೇರವಾಗಿ ಸಂಬಂಧಿಸಿದ್ದು. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರುಗಳ ಉಷ್ಣತೆ 42 ಡಿಗ್ರಿ ತಲಪುವುದುಂಟು. ತಗಡಿನ ಚಾವಣಿಯ ಗೋದಾಮಿನೊಳಗೆ ಅದಕ್ಕಿಂತಲೂ ಹೆಚ್ಚು. ಅಲ್ಲಿ ಮೆಂಥಾಲ್ ಹರಳು ಕರಗಿ ಗಟ್ಟಿಯಾಗಿ ಹೆಂಟೆ ಕಟ್ಟುತ್ತದೆ, ಆವಿಯಾಗಿ ತೂಕವೂ ಇಳಿಯುತ್ತದೆ. ಹರಳನ್ನು ಕರ್ಪೂರ ಅಥವಾ ಓಮದ ಸತ್ತ್ವದ ಪಕ್ಕದಲ್ಲಿ ಇಡಬಾರದು. ಈ ಮೂರು ಘನಪದಾರ್ಥಗಳು ಒಂದಕ್ಕೊಂದು ತಗುಲಿದರೆ ತಾವಾಗಿಯೇ ದ್ರವವಾಗುತ್ತವೆ. 'ಅಮೃತಧಾರಾ' ಎಂಬ ಮನೆಮದ್ದು ತಯಾರಾಗುವುದು ಇದೇ ಗುಣದಿಂದ. ಔಷಧಕ್ಕೆ ಒದಗುವ ಈ ಗುಣ ದಾಸ್ತಾನಿನಲ್ಲಿ ನಷ್ಟಕ್ಕೆ ದಾರಿ. ತೈಲವನ್ನು ಗಾಳಿಯಾಡದ ಪಾತ್ರೆಯಲ್ಲಿ, ಬೆಳಕು ಬೀಳದ ತಂಪು ಜಾಗದಲ್ಲಿ, ಪಾತ್ರೆ ತುಂಬಿರುವಂತೆ ಇಡುವುದು ಉತ್ತಮ.

ಪೆಪ್ಪರ್‌ಮಿಂಟ್‌ನ ಮೌಲ್ಯ ಅದರ ಒಂದು ಘಟಕದಲ್ಲಿಲ್ಲ. ಹಲವು ಘಟಕಗಳು ಗೊತ್ತಾದ ಪ್ರಮಾಣದಲ್ಲಿ ಕೂಡಿರುವುದರಲ್ಲಿದೆ. ಮೆಂಥಾಲ್ ಬೇಕಾದವರು ಹರಳು ಕೊಳ್ಳಲಿ, ಅಗ್ಗದ ಪರಿಮಳ ಬೇಕಾದವರು ಡಿಎಂಒ ಕೊಳ್ಳಲಿ, ಪೆಪ್ಪರ್‌ಮಿಂಟ್ ಬೇಕಾದವರು ಪೆಪ್ಪರ್‌ಮಿಂಟನ್ನೇ ಪರೀಕ್ಷಿಸಿ ಕೊಳ್ಳಲಿ. ಪೀಪಾಯಿಯ ಮೇಲಿನ ಹೆಸರು, ಒಳಗಿನ ಸರಕು, ನಾವು ಗ್ರಾಹಕರಿಗೆ ನೀಡುವ ಚೀಟಿ ಈ ಮೂರೂ ಒಂದಾಗಿದ್ದರೆ ವ್ಯಾಪಾರಕ್ಕೂ ಕ್ಷೇಮ, ಬಳಸುವವರಿಗೂ ಕ್ಷೇಮ.